ಎರಡನೆಯ ಓದಿಗೆ ಸಿಗುವವರು

‘ಸಂಸ್ಕಾರ’ ಓದಿದವರು ಯಾರಾದರೂ ಸಿಕ್ಕರೆ ಒಂದು ಪ್ರಶ್ನೆ ಕೇಳಿ ನೋಡಿ: ನಾರಣಪ್ಪನ ಹೆಣ ಕೊನೆಗೆ ಏನಾಯಿತು? ಬಹಳ ಜನ ತಡವರಿಸುತ್ತಾರೆ. ಪ್ರಾಣೇಶಾಚಾರ್ಯರ ತೊಳಲಾಟ ಚೆನ್ನಾಗಿ ನೆನಪಿರುತ್ತದೆ. ಕಾಡಿನಲ್ಲಿ ಆ ರಾತ್ರಿ ನಡೆದದ್ದನ್ನಂತೂ ಯಾರೂ ಮರೆತಿರುವುದಿಲ್ಲ. ಸತ್ತು ಬೀಳುವ ಇಲಿಗಳು, ಮನೆಗಳ ಮೇಲೆ ಬಂದು ಕೂರುವ ಹದ್ದುಗಳು, ಬೆನ್ನು ಬಿಡದ ಪುಟ್ಟ, ಎಲ್ಲವನ್ನೂ ಹೇಳುತ್ತಾರೆ. ಹೆಣದ ವಿಷಯಕ್ಕೆ ಬಂದರೆ ಮಾತ್ರ, “ಅದು ಹಾಗೇ ಕೊಳೀತಾ ಇತ್ತಲ್ವಾ, ಕತೆಯೇ ಅದಲ್ವಾ” ಅನ್ನುತ್ತಾರೆ.

ಹೆಣ ಹಾಗೇ ಇರಲಿಲ್ಲ. ಅದರ ಸಂಸ್ಕಾರ ಮಾಡಬೇಕಾದವರು ಯಾರು ಎಂಬುದಕ್ಕೆ ಶಾಸ್ತ್ರದಲ್ಲಿ ಉತ್ತರ ಸಿಗದೆ, ಮಾರುತಿಯ ಗುಡಿಯಲ್ಲೂ ಸಿಗದೆ ಆಚಾರ್ಯರು ಸೋತ ರಾತ್ರಿಯೇ, ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಅಗ್ರಹಾರಕ್ಕೆ ಮರಳುತ್ತಾಳೆ. ಗಾಡಿಯವನೊಬ್ಬನನ್ನು ಕೇಳುತ್ತಾಳೆ, ಅವನು ಹೆದರಿ ಹಿಂದೆ ಸರಿಯುತ್ತಾನೆ. ಆಮೇಲೆ ಅಹಮದ್ ಬ್ಯಾರಿಯನ್ನು ಕರೆತರುತ್ತಾಳೆ. ನಾರಣಪ್ಪ ಹಿಂದೊಮ್ಮೆ ಎತ್ತು ಕೊಳ್ಳಲು ದುಡ್ಡು ಕೊಟ್ಟು ಸಹಾಯ ಮಾಡಿದ್ದ ಮನುಷ್ಯ ಅವನು. ಹೆಣ ಸಾಗಿಸಿ ಸುಟ್ಟದ್ದಾಗುತ್ತದೆ, ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಲ್ಲಿಂದಾಚೆಗೆ ಬ್ರಾಹ್ಮಣರು ಹಸಿದುಕೊಂಡು ಊರೂರು ಅಲೆದು, ಮಠದವರೆಗೆ ಹೋಗಿ ಕೇಳುವ ಸಮಸ್ಯೆ ಇರುವುದೇ ಇಲ್ಲ. ಅಧಿಕಾರವೇ ಇಲ್ಲವೆಂದು ಎಲ್ಲರೂ ಒಪ್ಪಿದ್ದ ಹೆಂಗಸು ಆ ಕೆಲಸ ಮುಗಿಸಿ ಹೋಗಿರುತ್ತಾಳೆ. 1965ರಲ್ಲಿ ಅನಂತಮೂರ್ತಿ ಇದನ್ನು ಬಚ್ಚಿಟ್ಟು ಬರೆದವರಲ್ಲ, ಎದುರಿಗೇ ಇಟ್ಟಿದ್ದಾರೆ. ನಮ್ಮ ಕಣ್ಣು ಆಚಾರ್ಯರ ಹಿಂದೆ ಹೋಗಿಬಿಟ್ಟಿರುತ್ತದೆ, ಅಷ್ಟೇ.

ಮೊದಲ ಓದಿಗೆ ಅವಸರ ಇರುವುದು ಸಹಜ. ಮುಂದೇನಾಯಿತು ಎಂಬ ಒಂದೇ ಧ್ಯಾನ. ಯಾರ ಹೆಸರು ಮತ್ತೆ ಮತ್ತೆ ಬರುತ್ತದೋ, ಯಾರು ಯೋಚಿಸುತ್ತಾರೋ, ಮಾತಾಡುತ್ತಾರೋ ಅವರ ಜೊತೆ ನಡೆದುಬಿಡುತ್ತೇವೆ. ಎರಡನೆಯ ಸಲ ಕಾಯಬೇಕಾದ್ದು ಏನೂ ಇರುವುದಿಲ್ಲವಾದ್ದರಿಂದ ಕಣ್ಣು ಆಚೀಚೆ ಆಡುತ್ತದೆ. ಬಾವಿಯಿಂದ ನೀರು ಸೇದಿದವರು ಯಾರು, ಲೆಕ್ಕ ಬರೆದವರು ಯಾರು, ಬೈಸಿಕೊಂಡು ಸುಮ್ಮನೆ ಹೊರಟು ಹೋದವರು ಯಾರು ಎಂದು ಆಗ ಕಾಣಿಸುತ್ತದೆ. ಮತ್ತೆ ಓದಬೇಕಾದ ಕಾದಂಬರಿ ಯಾವುದು ಎಂಬುದಕ್ಕೆ ನನ್ನ ಅಳತೆಯೂ ಇದೇ. ಮೊದಲ ಓದಿನಲ್ಲಿ ಹಿನ್ನೆಲೆಯಲ್ಲಿ ಉಳಿದುಹೋದವರು ಎರಡನೆಯದರಲ್ಲಿ ಎದ್ದು ಬಂದು ಎದುರು ನಿಲ್ಲುವಂತಿದ್ದರೆ ಆ ಪುಸ್ತಕ ಉಳಿಯುತ್ತದೆ. ಹಾಗೆ ಯಾರೂ ಎದ್ದು ಬರದಿದ್ದರೆ ಒಮ್ಮೆ ಓದಿದ್ದೇ ಸಾಕು. ಪತ್ತೇದಾರಿ ಕಾದಂಬರಿಯನ್ನು ಒಂದೇ ಸಲ ಓದಿ ಪಕ್ಕದವರಿಗೆ ಕೊಟ್ಟರೆ ಅದಕ್ಕೇನೂ ಅವಮಾನವಿಲ್ಲ, ಅದು ಹುಟ್ಟಿದ್ದೇ ಹಾಗೆ.

ನಾನಿರುವುದು ದಾಸರಹಳ್ಳಿಯಲ್ಲಿ. ಕೆಲಸ ಮಾಡಿದ್ದು ಪೀಣ್ಯದ ಶೆಡ್ಡುಗಳ ನಡುವೆ. ಮಗಳು ವೈಟ್‌ಫೀಲ್ಡ್ ಕಡೆ ಸಾಫ್ಟ್‌ವೇರಿನಲ್ಲಿದ್ದಾಳೆ. ಇಲ್ಲಾಗಲಿ ಅಲ್ಲಾಗಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ, “ಒಂದು ಕಾದಂಬರಿಯನ್ನು ಎರಡು ಸಲ ಓದಿ” ಅಂದರೆ ಜನ ನಗುತ್ತಾರೆ. ಒಂದು ಸಲ ಓದುವುದಕ್ಕೇ ಪುರುಸೊತ್ತಿಲ್ಲ ಎನ್ನುವ ಮಾತು ತಯಾರಾಗಿಯೇ ಇರುತ್ತದೆ. ಪುರುಸೊತ್ತಿನ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಪೀಣ್ಯಕ್ಕೆ ಮೆಟ್ರೊ ಬಂದದ್ದು 2014ರಲ್ಲೇ. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ ಪೂರ್ತಿ ತೆರೆದದ್ದು 2023ರ ಅಕ್ಟೋಬರಿನಲ್ಲಿ. ಸುಮಾರು 43 ಕಿಲೋಮೀಟರು, ಆ ತುದಿಯಿಂದ ಈ ತುದಿಗೆ ಒಂದೂವರೆ ಗಂಟೆ ಹತ್ತಿರ. ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. ಕೂರಲು ಸೀಟು ಸಿಗುವುದಿಲ್ಲ, ನಿಜ. ಆದರೆ ರೀಲ್ಸ್ ನೋಡುವವರೂ ನಿಂತುಕೊಂಡೇ ನೋಡುತ್ತಾರೆ.

ಸಮಯದ ಕೊರತೆಗಿಂತ ದೊಡ್ಡ ತೊಡಕು ಬೇರೆಯಿದೆ: ಮುಗಿಸಿದ್ದನ್ನು ಮುಗಿಯಿತು ಎಂದು ಎಣಿಸುವ ಅಭ್ಯಾಸ. ಇದು ನಮಗೆ ಮೊದಲಿನಿಂದ ಇದ್ದದ್ದಲ್ಲ. ಗದುಗಿನ ಭಾರತವನ್ನು ‘ಮುಗಿಸಿದಿರಾ’ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಜಗಲಿಯಲ್ಲಿ ದೀಪವಿಟ್ಟು ಒಬ್ಬರು ವಾಚಿಸಿ ಇನ್ನೊಬ್ಬರು ಅರ್ಥ ಹೇಳುವಾಗ, ಕರ್ಣ ಸಾಯುತ್ತಾನೆ ಎಂಬುದು ಕೂತಿದ್ದ ಮಕ್ಕಳಿಗೂ ಗೊತ್ತಿತ್ತು. ಯಕ್ಷಗಾನದವರನ್ನು ಕೇಳಿ. ಅದೇ ಪ್ರಸಂಗ, ಅದೇ ಸೋಲು, ಅದೇ ಗೆಲುವು. ಈ ಸಲದ ಕರ್ಣ ಕೃಷ್ಣನಿಗೆ ಏನೆಂದು ಉತ್ತರ ಕೊಟ್ಟ ಎಂಬುದಷ್ಟೇ ಬೆಳಗಿನವರೆಗೆ ಕೂರಿಸುತ್ತದೆ. ಕಾದಂಬರಿ ಬಂದ ಮೇಲೆ ಓದಿಗೆ ವೇಗ ಬಂತು. ದಿನಬಾಡಿಗೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದದ್ದನ್ನು ರಾತ್ರಿಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಇನ್ನೊಂದು ದಿನದ ಬಾಡಿಗೆ. ವಾರಪತ್ರಿಕೆಯ ಧಾರಾವಾಹಿಯಾದರೆ ಕೊನೆಯ ಸಾಲು ಬರೆಯುತ್ತಿದ್ದುದೇ ಮುಂದಿನ ವಾರ ಪತ್ರಿಕೆ ಕೊಳ್ಳಲಿ ಎಂದು.

ಆದರೂ ಆ ಧಾರಾವಾಹಿಗಳನ್ನೇ ಮತ್ತೆ ಓದಿದವರೂ ಇದ್ದರು. ನಮ್ಮ ತಾಯಿಯ ವಾರಿಗೆಯ ಹೆಂಗಸರು ‘ಸುಧಾ’, ‘ಪ್ರಜಾಮತ’ಗಳಿಂದ ಹಾಳೆ ಕಿತ್ತು, ಕಂತುಗಳನ್ನು ಸರದಿಯಲ್ಲಿ ಜೋಡಿಸಿ, ದಬ್ಬಳದಲ್ಲಿ ಮೂರು ಕಡೆ ತೂತು ಮಾಡಿ, ದಪ್ಪ ದಾರ ಪೋಣಿಸಿ ಗಂಟು ಹಾಕಿ, ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಅಂಟಿಸುತ್ತಿದ್ದರು. ತ್ರಿವೇಣಿ, ಎಂ.ಕೆ. ಇಂದಿರಾ ಎಷ್ಟೋ ಮನೆಗಳಲ್ಲಿ ಉಳಿದದ್ದು ಅಂಥ ಕಟ್ಟುಗಳ ಜೊತೆಗೆ. ಅಡುಗೆಮನೆಯಲ್ಲಿ ಹಾಲು ಕಾಯಲು ಇಟ್ಟು ಅದರ ಮುಂದೆ ಕೂತು ಎಲ್ಲಿಂದಲೋ ತೆರೆದು ನಾಲ್ಕು ಪುಟ ಓದಿ ಮುಚ್ಚುವುದು, ನಾಳೆ ಇನ್ನೆಲ್ಲಿಂದಲೋ ಓದುವುದು. ವಿಮರ್ಶಕರು ಮರುಓದು ಎಂದು ಕರೆಯುವುದನ್ನು ಅವರು ಹೆಸರಿಲ್ಲದೆ ಮಾಡುತ್ತಿದ್ದರು. ಕಾದಂಬರಿಯ ಹೆಂಗಸರನ್ನು ನೆರೆಮನೆಯವರ ಹಾಗೆ ಹೆಸರು ಹಿಡಿದು ಬೈಯುತ್ತಲೂ ಇದ್ದರು.

ಅವರ ಕೈಗೆ ‘ಗೃಹಭಂಗ’ ಸಿಕ್ಕಾಗ ಏನಾಯಿತು ಎಂಬುದನ್ನು ನಾನು ಕಂಡಿದ್ದೇನೆ. ಗಂಡಸರು ಆ ಕಾದಂಬರಿಯ ಬಗ್ಗೆ ಮಾತಾಡಿದರೆ ಗಂಗಮ್ಮನ ಬಾಯಿ, ಪ್ಲೇಗು, ಚೆನ್ನಿಗರಾಯನ ಹೊಟ್ಟೆಬಾಕತನ ಎಂದು ಶುರುಮಾಡುತ್ತಿದ್ದರು. ಹೆಂಗಸರು ನೆನಪಿಟ್ಟುಕೊಂಡದ್ದು ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆಯುವುದನ್ನು. ಅಧಿಕಾರ ಗಂಡ ಚೆನ್ನಿಗರಾಯನ ಹೆಸರಿನಲ್ಲಿ. ಗೆರೆ ಎಳೆದು ಖಾನೆ ತುಂಬುವವಳು ಅವಳು, ಮಕ್ಕಳಿಗೆ ಮುತ್ತುಗದ ಎಲೆ ಹಚ್ಚಿಯಾದರೂ ಅನ್ನ ಹಾಕುವವಳು ಅವಳು. 1970ರಲ್ಲಿ ಬಂದ ಪುಸ್ತಕ ಅದು. ಭೈರಪ್ಪನವರು ತೀರಿಕೊಂಡ 2025ರ ಸೆಪ್ಟೆಂಬರಿನಲ್ಲಿ ಅವರ ಎಲ್ಲ ಕಾದಂಬರಿಗಳ ಬಗ್ಗೆಯೂ ಮಾತು ನಡೆಯಿತು. ನಾನು ಕಪಾಟಿನಿಂದ ತೆಗೆದದ್ದು ಇದನ್ನೇ. ವಾದ ಗೆಲ್ಲಲೆಂದೇ ಬರೆದ ಹಾಗೆ ಕಾಣುವ ಅವರ ಮುಂದಿನ ಕೆಲವು ಕಾದಂಬರಿಗಳು ನನಗೆ ಒಂದೇ ಓದಿಗೆ ಸಾಕೆನಿಸಿವೆ. ನಂಜಮ್ಮ ಹಾಗೆ ಬಿಡುವವಳಲ್ಲ.

ಇದೇ ಕಣ್ಣಿನಿಂದ ಕಾರಂತರ ‘ಮರಳಿ ಮಣ್ಣಿಗೆ’ ತೆಗೆದುಕೊಳ್ಳಿ. ನಮ್ಮ ಐಟಿ ಕಡೆಯ ಹುಡುಗರಿಗೆ ಈ ಹೆಸರಿನ ಮೇಲೆ ವಿಪರೀತ ಪ್ರೀತಿ. ಆನೇಕಲ್ಲಿನಾಚೆಗೋ ಮಾಲೂರಿನ ಹತ್ತಿರವೋ ಒಂದೆಕರೆ ತೋಟ ಮಾಡಿ ಶನಿವಾರ ಭಾನುವಾರ ಸಸಿಗೆ ನೀರು ಹಾಕುವವರು ಫೇಸ್‌ಬುಕ್ಕಿನಲ್ಲಿ ಹಾಕಿಕೊಳ್ಳುವ ಶೀರ್ಷಿಕೆಯೇ ಇದು. ಅವರಿಗೆ ನೆನಪಿರುವುದು ಮೊಮ್ಮಗ ರಾಮ. ಮದ್ರಾಸಿನಲ್ಲಿ ಓದಿ, ಮುಂಬಯಿಯಲ್ಲಿ ಕೆಲಸಕ್ಕೆ ಅಲೆದು, ಕೊನೆಗೆ ಕೋಡಿಯ ಮಣ್ಣಿಗೆ ಮರಳುವವನು. ಇಂದಿನ ರಾಜೀನಾಮೆಯ ಕನಸಿಗೆ ಸರಿಯಾಗಿ ಹೊಂದುವ ನಾಯಕ.

ಎರಡನೆಯ ಓದಿನಲ್ಲಿ ರಾಮ ಬರುವುದಕ್ಕೆ ಬಹಳ ಮೊದಲೇ ಕಾಲು ತಡೆಯುತ್ತದೆ. ಅವನ ಅಜ್ಜ ರಾಮ ಐತಾಳರ ಕಾಲದಲ್ಲೇ. ಐತಾಳರು ಪೌರೋಹಿತ್ಯಕ್ಕೆ ಹೊರಟರೆ ಹಿಂದೆ ಉಳಿಯುವವರು ಹೆಂಡತಿ ಪಾರೋತಿ ಮತ್ತು ಎಳೆಯ ವಯಸ್ಸಿಗೇ ವಿಧವೆಯಾಗಿ ಅಣ್ಣನ ಮನೆಯಲ್ಲಿರುವ ಸರಸೋತಿ. ಗದ್ದೆ ಅವರದು, ಹಟ್ಟಿ ಅವರದು, ಸೌದೆ ಅವರದು, ಉಪ್ಪುನೀರಿನ ಅಂಚಿನಲ್ಲಿ ಬೆಳೆದದ್ದನ್ನು ಉಳಿಸಿಕೊಳ್ಳುವ ಪಾಡೂ ಅವರದು. ಯಜಮಾನಿಕೆ ಮಾತ್ರ ಐತಾಳರದು. ಮಕ್ಕಳಿಲ್ಲವೆಂದು ಅವರು ಇನ್ನೊಂದು ಮದುವೆಯಾಗುತ್ತಾರೆ, ಆ ಮನೆಗೆ ಸತ್ಯಭಾಮೆ ಬರುತ್ತಾಳೆ. ಬಂದವಳ ಬಾಣಂತನದ ಕೆಲಸವೂ ಮತ್ತೆ ಹಳಬರ ಕೈಗೇ. ಕಾರಂತರು ಇವನ್ನೆಲ್ಲ ದನಿ ಏರಿಸದೆ ಬರೆಯುತ್ತಾರೆ. ದುಡಿಮೆಯನ್ನು ಇಷ್ಟು ವಿವರವಾಗಿ, ಕಣ್ಣೀರಿಲ್ಲದೆ ಬರೆದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿದ್ದರೆ ನನಗೆ ಗೊತ್ತಿಲ್ಲ.

ನೆರೆಯ ಶೀನಮಯ್ಯರ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲ್ ಇಟ್ಟು ದುಡ್ಡು ಮಾಡುವ ಭಾಗ ಬಂದಾಗ ಇಲ್ಲಿಯ ಓದುಗ ನಕ್ಕೇ ನಗುತ್ತಾನೆ. ಬೆಂಗಳೂರಿನ ದುಡ್ಡು ಊರಿಗೆ ಹೋಗಿ ಅಲ್ಲಿ ಹೊಟ್ಟೆಕಿಚ್ಚು ಎಬ್ಬಿಸುವುದು ಐಟಿ ಬಂದ ಮೇಲೆ ಶುರುವಾದದ್ದಲ್ಲ ಎಂದು ಗೊತ್ತಾಗುತ್ತದೆ. ಕೊನೆಗೆ ಮೊಮ್ಮಗ ಮರಳುತ್ತಾನೆ, ಸರಿ. ಮರಳಲು ಅಲ್ಲೊಂದು ಜಾಗ ಉಳಿದಿತ್ತಲ್ಲ, ಅದನ್ನು ಉಳಿಸಿದವರು ಯಾರು? ಗಂಡ ಹಾಳು ಮಾಡಿದ ಬದುಕನ್ನು ಹೊತ್ತು, ಪಿಟೀಲು ಬಲ್ಲ ಕೈಯಿಂದ ಮಣ್ಣು ಮುಟ್ಟಿದ ತಾಯಿ ನಾಗವೇಣಿ. ತೋಟ ಮಾಡುವ ನಮ್ಮ ಹುಡುಗರ ಊರಿನಲ್ಲೂ ಒಬ್ಬ ಅತ್ತಿಗೆಯೋ ಚಿಕ್ಕಮ್ಮನೋ ಹಾಗೆ ಹಳೆಯ ಮನೆಯ ಬೀಗದ ಕೈ ಇಟ್ಟುಕೊಂಡು ಕೂತಿರುತ್ತಾಳೆ. ಆಕೆಯ ಫೋಟೊ ಫೇಸ್‌ಬುಕ್ಕಿಗೆ ಬರುವುದಿಲ್ಲ.

(ವೈಟ್‌ಫೀಲ್ಡ್ ಹುಟ್ಟಿದ್ದೂ ಮಣ್ಣಿಗೆ ಮರಳುವ ಒಂದು ಕನಸಿನಿಂದಲೇ. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 4000 ಎಕರೆ ಕೊಟ್ಟರು, ಅವರು ಬೇಸಾಯ ಮಾಡಿ ಬದುಕಲಿ ಎಂದು. ಊರಿಗೆ ಹೆಸರು ಬಂದದ್ದು ಆ ಸಂಘದ ಡಿ.ಎಸ್. ವೈಟ್ ಅವರಿಂದ. ಅಲ್ಲೀಗ ಬೇಸಾಯ ಹುಡುಕಿದರೆ ಬಾಲ್ಕನಿಯ ಕುಂಡಗಳಲ್ಲಿ ಸಿಗುತ್ತದೆ.)

‘ಶಿಕಾರಿ’ಯ ಸಂಗತಿ ಸ್ವಲ್ಪ ಬೇರೆ. ಇದನ್ನು ಮಗಳಿಗೆ ಕೊಟ್ಟದ್ದು ನಾನೇ, ಅವಳ ಆಫೀಸಿನಲ್ಲಿ ಲೇಆಫ್ ಗುಲ್ಲು ಎದ್ದಿದ್ದ ದಿನಗಳಲ್ಲಿ. ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು. ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ದೊಡ್ಡ ಹುದ್ದೆಗೇರಿದವರು. ಕಂಪನಿಯೊಳಗಿನ ಗಾಳಿಯನ್ನು ಉಸಿರಾಡಿ ಬರೆದ ಕನ್ನಡದ ಕಾದಂಬರಿ ಎಂದರೆ 1979ರ ಈ ಪುಸ್ತಕವನ್ನೇ ಮೊದಲು ಹೇಳಬೇಕು. ನಾಗಪ್ಪ ಹಳ್ಳಿಯಿಂದ ಬಂದು ಕಷ್ಟಪಟ್ಟು ಮೇಲೆ ಬಂದ ಅಧಿಕಾರಿ. ಇದ್ದಕ್ಕಿದ್ದಂತೆ ಅವನನ್ನು ಸಸ್ಪೆಂಡ್ ಮಾಡುತ್ತಾರೆ. ತಪ್ಪೇನು ಎಂದು ನೇರವಾಗಿ ಯಾರೂ ಹೇಳುವುದಿಲ್ಲ. ಎಲ್ಲರೂ ನಯವಾಗಿ ಮಾತಾಡುತ್ತಾರೆ. ಮೇಲಿನ ಬಂದೂಕವಾಲಾ ಇರಲಿ, ಊರ ಕಡೆಯ ಶ್ರೀನಿವಾಸ ಇರಲಿ, ಯಾರ ಮಾತಿನ ಹಿಂದೆ ಏನಿದೆಯೋ ತಿಳಿಯದೆ ನಾಗಪ್ಪ ಒಬ್ಬನೇ ಕೂತು ಯೋಚಿಸುತ್ತಾನೆ.

ಮಗಳು ಎರಡು ರಾತ್ರಿಯಲ್ಲಿ ಮುಗಿಸಿದಳು. “ಅಪ್ಪಾ, ಇದನ್ನ ಯಾವಾಗ ಬರೆದಿದ್ದು? ನಮ್ಮ ಫ್ಲೋರಲ್ಲಿ ಕೂತು ಬರೆದ ಹಾಗಿದೆ” ಅಂದಳು. ಅವರಲ್ಲಿ ಒಬ್ಬ ಹುಡುಗನನ್ನು ಆಗಷ್ಟೇ ಪಿಐಪಿಗೆ ಹಾಕಿದ್ದರಂತೆ. ಕೆಲಸ ಸುಧಾರಿಸಿಕೊಳ್ಳಲು ಕೊಡುವ ಅವಧಿ ಎಂದು ಕಾಗದದ ಮೇಲೆ ಇರುತ್ತದೆ, ಹೊರಗೆ ಬೇರೆ ಕೆಲಸ ಹುಡುಕಿಕೊಳ್ಳಲು ಕೊಡುವ ಅವಧಿ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಮೀಟಿಂಗಿನಲ್ಲಿ ಅವನ ಪಕ್ಕದ ಕುರ್ಚಿ ಖಾಲಿ ಉಳಿಯುವುದು, ಕ್ಯಾಂಟೀನಿನಲ್ಲಿ ಜೊತೆಗಾರರು ಅವನ ಟೇಬಲ್ಲಿಗೆ ಬರುವ ಮೊದಲು ಒಂದು ಕ್ಷಣ ನಿಲ್ಲುವುದು, ಎಚ್‌ಆರ್ ಕಾಲ್ ಬಂದಾಗ ಎಲ್ಲರೂ ಸ್ಕ್ರೀನ್ ನೋಡುವುದು. ಆ ಹುಡುಗನೇ ನಾಗಪ್ಪ ಎಂದು ಅವಳಿಗೆ ಅನ್ನಿಸಿತ್ತು. ತಾನೂ ಯಾವತ್ತಾದರೂ ನಾಗಪ್ಪನಾಗಬಹುದು ಎಂಬ ಭಯವೂ ಇತ್ತು.

ವರ್ಷವೊಂದು ಕಳೆದ ಮೇಲೆ, ಅವಳು ತಂಡದ ಲೀಡ್ ಆಗಿ ನಾಲ್ಕು ಜನರ ಅಪ್ರೈಸಲ್ ಬರೆಯಬೇಕಾಗಿ ಬಂದಾಗ, ಅದೇ ಪ್ರತಿಯನ್ನು ತಾನಾಗಿ ಕೇಳಿ ತೆಗೆದುಕೊಂಡು ಹೋದಳು. ಈ ಸಲ ಬೇಗ ಮುಗಿಯಲಿಲ್ಲ. “ಅಪ್ಪಾ, ನಾಗಪ್ಪನೂ ಕಡಿಮೆಯೇನಿಲ್ಲ. ಎದುರಿಗೆ ಬಂದವರಿಗೆಲ್ಲ ಒಂದೊಂದು ಕತೆ ಕಟ್ಟಿ ಇಟ್ಟುಕೊಂಡಿರ್ತಾನೆ. ಅವರು ಬಾಯಿ ತೆಗೆಯೋಕೆ ಮೊದಲೇ ಅವರ ತೀರ್ಪು ಬರೆದಾಗಿರುತ್ತೆ” ಅಂದಳು. ನನ್ನ ಓದಿನಲ್ಲೂ ಆ ಕಾದಂಬರಿಯ ನಿಜವಾದ ಶಕ್ತಿ ಅಲ್ಲಿದೆ. ಬೇಟೆಗೆ ಸಿಕ್ಕವನ ಕಣ್ಣಿನಿಂದಲೇ ಪೂರ್ತಿ ಕತೆ ಬರುವುದರಿಂದ ಮೊದಲ ಸಲ ನಾವು ಅವನ ಕಡೆಯ ವಕೀಲರಾಗುತ್ತೇವೆ. ಎರಡನೆಯ ಸಲ, ಭಯ ಹಿಡಿದ ಮನುಷ್ಯ ಉಳಿದವರನ್ನು ಎಷ್ಟು ಬೇಗ ಮೃಗಗಳನ್ನಾಗಿ ಮಾಡಿಬಿಡುತ್ತಾನೆ ಎಂಬುದು ಕಾಣುತ್ತದೆ. ಅವನಿಗಾದ ಅನ್ಯಾಯ ಇದರಿಂದ ಚಿಕ್ಕದಾಗುವುದಿಲ್ಲ. ಅನ್ಯಾಯಕ್ಕೆ ಸಿಕ್ಕವನೂ ಅನ್ಯಾಯ ಮಾಡಬಲ್ಲ ಎಂಬ ಮಾತು ಜೊತೆಗೆ ಸೇರಿಕೊಳ್ಳುತ್ತದೆ. ಮಗಳು ಆ ನಾಲ್ಕು ಅಪ್ರೈಸಲ್‌ಗಳಲ್ಲಿ ಏನು ಬರೆದಳೋ ನಾನು ಕೇಳಲಿಲ್ಲ. ಕಾದಂಬರಿ ಓದಿ ಮಾರ್ಕು ಜಾಸ್ತಿ ಕೊಟ್ಟಳು ಎಂದು ಹೇಳಿದರೆ ಕತೆ ಚೆನ್ನಾಗಿರುತ್ತಿತ್ತು, ಆದರೆ ಕಂಪನಿಗಳಲ್ಲಿ ಮಾರ್ಕಿನ ಲೆಕ್ಕ ಮೇಲಿನಿಂದ ಇಳಿದು ಬರುತ್ತದೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರದು, ಬೆಂಗಳೂರಿನದೇ ಕತೆ, ಒಂದು ಸಂಜೆಗೆ ಮುಗಿಯುತ್ತದೆ. ಮಸಾಲೆ ವ್ಯಾಪಾರದಿಂದ ಹಣ ಬಂದ ಮನೆಯ ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಾಳೆ, ಮನೆಯ ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗೆ ಇಷ್ಟವಾದ ಅಡುಗೆ ಮಾಡಿ ಡಬ್ಬಿಯಲ್ಲಿ ತಂದು. ಮನೆಯವರು ಅವಳನ್ನು ಬೈದು ಅಟ್ಟುತ್ತಾರೆ. ಮೊದಲ ಓದಿನಲ್ಲಿ ನಾವು ಮನೆಯೊಳಗೆ ನಿಂತು ಈ ರಾದ್ಧಾಂತ ನೋಡುತ್ತೇವೆ. ಎರಡನೆಯ ಸಲ ಗೇಟಿನಾಚೆ, ಅವಳ ಜೊತೆ.

ಗೇಟು ಅಂದಾಗ ‘ಒಡಲಾಳ’ದ ಮಾತು ಬರಲೇಬೇಕು. ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಸಂಜೆ ಗಂಟೆ ಹೊಡೆದ ಮೇಲೆ ನೋಡಿ. ಹೆಂಗಸರು ಸಾಲಾಗಿ ನಿಂತು ಕೈಚೀಲದ ಜಿಪ್ ತಾವೇ ಎಳೆದು ಹಿಡಿದಿರುತ್ತಾರೆ. ಸೆಕ್ಯೂರಿಟಿಯವಳು ಖಾಲಿ ಊಟದ ಡಬ್ಬಿಯನ್ನೂ ಅಲ್ಲಾಡಿಸಿ ನೋಡುತ್ತಾಳೆ. ಅವಳೂ ಇವರಷ್ಟೇ ಸಂಬಳದವಳು. ಎಲೆಕ್ಟ್ರಾನಿಕ್ ಸಿಟಿಯ ಗೇಟುಗಳಲ್ಲೂ ತಪಾಸಣೆ ಇದೆ, ಆದರೆ ಅಲ್ಲಿ ಲ್ಯಾಪ್‌ಟಾಪಿನ ನಂಬರು ನೋಡಿ ಬಿಡುತ್ತಾರೆ. ಮುಖ ನೋಡಿ ಅನುಮಾನ ಪಡುವ ಪದ್ಧತಿ ಸಂಬಳ ಇಳಿದಂತೆ ಏರುತ್ತದೆ.

ದೇವನೂರ ಮಹಾದೇವರ ಆ ಪುಟ್ಟ ಕಾದಂಬರಿಯಲ್ಲಿ ಸಾಕವ್ವನ ಹುಂಜ ಕಳೆದಿರುತ್ತದೆ. ಮನೆಗೆ ಕಡ್ಲೆಕಾಯಿ ಬರುತ್ತದೆ, ಸಾಹುಕಾರ ಎತ್ತಪ್ಪನಲ್ಲಿ ಕದ್ದ ಮಾಲು. ರಾತ್ರಿ ಇಡೀ ಮನೆ ಬೆಂಕಿಯ ಸುತ್ತ ಕೂತು ತಿನ್ನುತ್ತದೆ. ಬೆಳಗ್ಗೆ ಪೊಲೀಸರು ಹುಡುಕಲು ಬರುತ್ತಾರೆ. ಮೊದಲ ಓದಿನಲ್ಲಿ ಎಂಥವನಿಗೂ ಹಸಿವೇ ಕಾಣುತ್ತದೆ, ಪಾಪ ಅನ್ನಿಸುತ್ತದೆ, ಪೊಲೀಸರ ಮೇಲೆ ಸಿಟ್ಟು ಬರುತ್ತದೆ. ಅಷ್ಟೇ ಆದರೆ ಅದೊಂದು ಒಳ್ಳೆಯ ಪ್ರತಿಭಟನೆಯ ಕತೆ. ಮತ್ತೆ ಓದಿದಾಗ ಆ ರಾತ್ರಿಯ ಖುಷಿ ಕಾಣತೊಡಗುತ್ತದೆ. ಜಗಳ, ನಗು, ಮಕ್ಕಳ ಆಟ, ಮುದುಕಿಯ ಜೋರು, ಒಬ್ಬೊಬ್ಬರ ಬಾಯಿಂದ ಬರುವ ಮಾತಿನ ಸೊಗಸು. ಅದು ಹಬ್ಬ. ಪುಟ್ಟಗೌರಿ ಗೋಡೆಯ ಮೇಲೆ ಬರೆದ ನವಿಲೂ ಅಲ್ಲೇ ಇದೆ. ಹೊಟ್ಟೆಗಿಲ್ಲದವರ ಮನೆಯಲ್ಲಿ ಚಿತ್ರ ಬರೆಯುವವಳು ಒಬ್ಬಳಿದ್ದಾಳೆ ಎಂಬುದು, ಮರುಕದ ಕನ್ನಡಕ ಹಾಕಿಕೊಂಡವರಿಗೆ ಕಾಣುವುದಿಲ್ಲ. ಮರುಕವೂ ಒಂದು ಬಗೆಯ ಅವಸರದ ತೀರ್ಪು. ನಂಜನಗೂಡು ಸೀಮೆಯ ಆ ಆಡುಮಾತು ಉತ್ತರ ಕರ್ನಾಟಕದಿಂದ ಬಂದು ಪೀಣ್ಯದಲ್ಲಿ ನೆಲೆಸಿದವರಿಗೆ ಮೊದಮೊದಲು ತೊಡಕಾಗುತ್ತದೆ. ಒಬ್ಬರು ಗಟ್ಟಿಯಾಗಿ ಓದಿ ನಾಲ್ಕು ಜನ ಕೇಳಿದರೆ ಬಿಡಿಸಿಕೊಳ್ಳುತ್ತದೆ.

ಅವಸರದ ತೀರ್ಪು ನನಗೆ ಹೊಸದಲ್ಲ. ನಾನು ಕೆಲಸ ಮಾಡಿದ ಕಡೆ ಇನ್‌ಸ್ಪೆಕ್ಷನ್ ಟೇಬಲ್ಲಿನ ಮೇಲೆ ಪ್ಲಗ್ ಗೇಜ್ ಇರುತ್ತಿತ್ತು. ಒಂದು ತುದಿ ‘ಗೋ’, ಇನ್ನೊಂದು ‘ನೋ-ಗೋ’. ಬೋರ್ ಮಾಡಿ ಬಂದ ಪೀಸಿನ ತೂತಿಗೆ ಗೋ ತುದಿ ಇಳಿಯಬೇಕು, ನೋ-ಗೋ ತುದಿ ಇಳಿಯಬಾರದು. ಎರಡು ಸೆಕೆಂಡಿನ ಕೆಲಸ, ಶಿಫ್ಟಿಗೆ ನೂರಾರು ಪೀಸು. ಅಳತೆ ತಪ್ಪಿದ್ದು ಕೆಂಪು ಡಬ್ಬಿಗೆ. ಅದರಲ್ಲೂ ತೂತು ಚಿಕ್ಕದಾಗಿದ್ದರೆ ರೀವರ್ಕಿಗೆ ಹೋಗುತ್ತದೆ, ದೊಡ್ಡದಾಗಿದ್ದರೆ ಸ್ಕ್ರ್ಯಾಪ್. ಕಬ್ಬಿಣಕ್ಕೆ ಆ ನ್ಯಾಯ ಸರಿ, ಇಲ್ಲದಿದ್ದರೆ ಯಾರದೋ ಗಾಡಿಯ ಬ್ರೇಕು ಕೈಕೊಡುತ್ತದೆ. ತೊಂದರೆ ಏನೆಂದರೆ ವರ್ಷಗಟ್ಟಲೆ ಗೇಜ್ ಹಿಡಿದ ಕೈ ಮನುಷ್ಯರನ್ನೂ ಹಾಗೇ ನೋಡುತ್ತದೆ. ವಾಚ್‌ಮನ್, ಹೊಸ ಅಪ್ರೆಂಟಿಸ್, ಪಕ್ಕದ ಬಾಡಿಗೆಮನೆಗೆ ಬಂದ ಒಡಿಶಾದ ಹುಡುಗರು, ಎಲ್ಲರಿಗೂ ಎರಡೇ ಸೆಕೆಂಡು.

‘ಕರ್ವಾಲೊ’ ಕಾದಂಬರಿಯ ಮಂದಣ್ಣನಿಗೆ ಅವನ ಊರು ಕೊಟ್ಟದ್ದೂ ಅಷ್ಟೇ ಹೊತ್ತು. ಓದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಜೇನಿನ ಹುಚ್ಚು, ಮದುವೆಯ ಹುಚ್ಚು, ಪೊಲೀಸರ ಕೈಗೂ ಸಿಕ್ಕವನು. ಇಂಥವನ ಜೊತೆ ದೊಡ್ಡ ವಿಜ್ಞಾನಿ ಏಕೆ ಸುತ್ತುತ್ತಾರೆ ಎಂಬುದು ಕತೆ ಹೇಳುವವನಿಗೇ ಅರ್ಥವಾಗುವುದಿಲ್ಲ. ಕರ್ವಾಲೊ ಮಾಡುವುದು ಸಣ್ಣ ಕೆಲಸ: ಮಂದಣ್ಣ ಹೇಳಿದ್ದನ್ನು ಪೂರ್ತಿ ಕೇಳುತ್ತಾರೆ, ಮತ್ತೆ ಕೇಳುತ್ತಾರೆ. ಹಾರುವ ಓತಿಯ ಸುಳಿವು ಸಿಕ್ಕಿದ್ದು ಹಾಗೆ. 1980ರಲ್ಲಿ ತೇಜಸ್ವಿ ಬರೆದ ಈ ಪುಸ್ತಕವನ್ನು ಶಾಲೆ ಕಾಲೇಜಿನಲ್ಲಿ ಓದಿದವರು ಓತಿಗಾಗಿ ಓದಿರುತ್ತಾರೆ. ಓತಿ ಕೊನೆಗೆ ಕೈಗೆ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ, ಮತ್ತೆ ಓದಿದಾಗ, ಮಂದಣ್ಣ ಸಿಗುತ್ತಾನೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಮೋಸ. ಮತ್ತೆ ಮತ್ತೆ ಓದಿದವರೆಲ್ಲ ಮೆತ್ತಗಾಗುವುದಿಲ್ಲ. ಭಾರತ ವಾಚನ ಕೇಳಿ ಕಣ್ಣೊರೆಸಿಕೊಂಡ ಜಗಲಿಗಳಲ್ಲೇ ಕೆಲವರಿಗೆ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ನಂಜಮ್ಮನ ಕಷ್ಟಕ್ಕೆ ಅತ್ತ ಎಷ್ಟೋ ಮನೆಗಳಲ್ಲಿ ಸೊಸೆಯ ತಟ್ಟೆ ಕೊನೆಗೇ ಬೀಳುತ್ತಿತ್ತು. ಇವತ್ತು ಈ ಕಡೆಯ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸದವರಿಗೆ ಬೇರೆ ಲಿಫ್ಟು. ಅಂಥದೇ ಒಂದು ಕಡೆ ಕ್ಲಬ್‌ಹೌಸಿನಲ್ಲಿ ಕನ್ನಡ ಬಳಗದವರು ‘ಒಡಲಾಳ’ದ ಬಗ್ಗೆ ಚರ್ಚೆ ಇಟ್ಟಿದ್ದರು, ಚೆನ್ನಾಗಿಯೇ ನಡೆಯಿತು, ಕಾಫಿ ತಂದವಳು ಇನ್ನೊಂದು ಲಿಫ್ಟಿನಲ್ಲಿ ಬಂದಳು. ಕಾದಂಬರಿ ಯಾರನ್ನೂ ಕೈ ಹಿಡಿದು ತಿದ್ದುವುದಿಲ್ಲ. ಆ ಕೆಲಸ ಅದಕ್ಕೆ ಹೊರಿಸುವುದೂ ತಪ್ಪು. ನಮ್ಮ ಕಣ್ಣಿಗೆ ಬೀಳದೆ ಯಾರು ಉಳಿದರು ಎಂದು ತೋರಿಸಿ ಸುಮ್ಮನಾಗುತ್ತದೆ. ಲಿಫ್ಟಿನ ನಿಯಮ ಬದಲಾಯಿಸುವುದು ಸೊಸೈಟಿಯ ಮೀಟಿಂಗಿನಲ್ಲಿ ಕೈಯೆತ್ತಿ ಮಾಡಬೇಕಾದ ಕೆಲಸ.

ನವೆಂಬರು ಬಂದರೆ ನಮ್ಮ ಕಂಪನಿಗಳ ರಾಜ್ಯೋತ್ಸವದಲ್ಲಿ ಪುಸ್ತಕ ಹಂಚುತ್ತಾರೆ. ‘ಮಲೆಗಳಲ್ಲಿ ಮದುಮಗಳು’ ಆ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದರ ಆರಂಭದಲ್ಲಿ ಕುವೆಂಪು ಬರೆದ ಮಾತು ಈಗ ಟೀ ಶರ್ಟಿನ ಮೇಲೂ ಬಂದಿದೆ. ಶರ್ಟು ಹಾಕುವುದು ಸುಲಭ, ಏಳುನೂರು ಪುಟದ ಹತ್ತಿರ ಹೋಗುವ ಪುಸ್ತಕ ಓದುವುದು ಕಷ್ಟ, ಒಪ್ಪುತ್ತೇನೆ. ಆದರೆ ಎರಡು ಸಲ ಓದಲೆಂದೇ ಕಟ್ಟಿದ ಹಾಗಿರುವ ಕಾದಂಬರಿ ಅದು. ಮೊದಲ ಸಲ ಯಾರ ಮನೆ ಯಾವುದು, ಯಾರು ಯಾರ ಆಳು ಎಂದು ತಿಳಿಯುವುದರಲ್ಲೇ ಅರ್ಧ ಪುಸ್ತಕ ಕಳೆಯುತ್ತದೆ. ಎರಡನೆಯ ಸಲ ಕಾಡಿನ ದಾರಿ ಗೊತ್ತಿರುತ್ತದೆ. ನಾಯಿಗುತ್ತಿಯ ಜೊತೆ ನಡೆಯಬಹುದು, ಐತ ಪೀಂಚಲು ಮರದ ಕೆಳಗೆ ಕೂತಾಗ ಕೂರಬಹುದು, ಹುಲಿಯ ಎಂಬ ನಾಯಿಯನ್ನು ಮನುಷ್ಯರಷ್ಟೇ ಗಮನಿಸಬಹುದು. ತುಂಗೆಯ ಪ್ರವಾಹದಲ್ಲಿ ಅದಕ್ಕೇನಾಗುತ್ತದೆ ಎಂಬುದು ಗೊತ್ತಿದ್ದು ಓದುವಾಗ ಮೊದಲ ಪುಟದಿಂದಲೇ ಎದೆ ಬಿಗಿಯಾಗುತ್ತದೆ. 2010ರಲ್ಲಿ ಸಿ. ಬಸವಲಿಂಗಯ್ಯ ಮೈಸೂರಿನ ರಂಗಾಯಣದಲ್ಲಿ ಇದನ್ನು ರಾತ್ರಿಯಿಡೀ ನಡೆಯುವ ನಾಟಕ ಮಾಡಿದರು. ಮುಂದೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ಜನ ಚಳಿಯಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಕೂತರು. ಒಂದು ಸಲ ನೋಡಿದವರು ಇನ್ನೊಂದು ಸಲವೂ ಟಿಕೆಟ್ ತೆಗೆದುಕೊಂಡರು.

ಹಾಗಾಗಿ ಈ ಸಲ ಹೊಸ ಪುಸ್ತಕ ಕೊಳ್ಳುವ ಮೊದಲು ಮನೆಯಲ್ಲಿರುವ ಹಳೆಯದೊಂದನ್ನು ತೆಗೆಯಿರಿ ಎಂದು ಕೇಳುತ್ತೇನೆ. ಮನೆಯಲ್ಲಿ ಇಲ್ಲವೆಂದರೆ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ. ರಸೀದಿಯಲ್ಲಿ ನೋಡಿಕೊಳ್ಳಿ. ಬಾಡಿಗೆದಾರರಾದರೆ ಮನೆ ಮಾಲೀಕರು ಅದನ್ನು ನಿಮ್ಮ ಬಾಡಿಗೆಯಲ್ಲೇ ವಸೂಲು ಮಾಡಿರುತ್ತಾರೆ. ‘ಒಡಲಾಳ’ ನೂರು ಪುಟ ದಾಟುವುದಿಲ್ಲ, ಅಲ್ಲಿಂದ ಶುರುಮಾಡಿ. ಪುಸ್ತಕ ಇಲ್ಲವೆಂದರೆ ಹೆಸರು ಬರೆದು ಕೊಟ್ಟು ಬನ್ನಿ, ಮುಂದಿನ ವಾರ ಹೋಗಿ ಬಂತೇ ಎಂದು ಕೇಳಿ. ದುಡ್ಡು ಕಟ್ಟಿದವರು ನೀವು.